ಹಬ್ಬಕ್ಕೆಂದು ಎತ್ತಿಟ್ಟ ಚಾಕೊಲೇಟು

ಸಲ್ತ್ ಊರಿನ ಮೆಟ್ಟಿಲುಗಳನ್ನು ರಸ್ಮಿಯ್ಯಾಳಷ್ಟು ಸಲ ಹತ್ತಿ ಇಳಿದವರು ಇನ್ನೊಬ್ಬರಿರಲಿಕ್ಕಿಲ್ಲ. ಜೋರ್ಡಾನಿನ ಆ ಗುಡ್ಡದೂರಿನಲ್ಲಿ ಒಂದು ಮನೆಯ ಸೂರೇ ಮೇಲಿನ ಮನೆಯ ಅಂಗಳ. ಬಸುರಿ ಹೆಂಗಸು ಪೇಟೆಗೆ ಹೋಗಿಬಂದಳೆಂದರೆ ಇನ್ನೂರು ಮೆಟ್ಟಿಲು ಇಳಿದು ಇನ್ನೂರು ಹತ್ತಿದಳು ಎಂದೇ ಅರ್ಥ. ಸರ್ಕಾರಿ ತಾಯಿ-ಮಗು ಕೇಂದ್ರದಲ್ಲಿ ಇಪ್ಪತ್ತೆರಡು ವರ್ಷ ಸೂಲಗಿತ್ತಿಯಾಗಿದ್ದ ರಸ್ಮಿಯ್ಯಾ ಕರಿ ಚರ್ಮದ ಚೀಲ ಹೊತ್ತು ಆ ಮೆಟ್ಟಿಲುಗಳಲ್ಲೇ ಮೊಣಕಾಲು ಸವೆಸಿದಳು. ಮದುವೆಯಾಗಲಿಲ್ಲ. ಯಾಕೆಂದು ಕೇಳಿದವರಿಗೆ, ಹೆರಿಗೆ ಕೋಣೆಯ ಬಾಗಿಲಲ್ಲಿ ನಿಂತ ಗಂಡಂದಿರ ಮುಖ ನೋಡಿ ನೋಡಿ ಆಸೆ ಬತ್ತಿಹೋಯಿತು ಅನ್ನುತ್ತಿದ್ದಳು. ನಿಜವಾದ ಕಾರಣ ಹಾಸಿಗೆ ಹಿಡಿದ ತಾಯಿ ಮತ್ತು ಓದಿಸಬೇಕಾಗಿದ್ದ ಮೂವರು ತಮ್ಮಂದಿರು. ಅದು ಊರಿಗೆಲ್ಲ ಗೊತ್ತಿತ್ತು, ಆದ್ದರಿಂದ ಅವಳು ಹೇಳುತ್ತಿರಲಿಲ್ಲ.

ಅವಳ ನಾಲಗೆ ಬಲು ಚುರುಕು. ನೋವು ತಿನ್ನುತ್ತಾ ಕೂಗಲು ಹೆದರುವ ಹುಡುಗಿಯರಿಗೆ, ಕೂಗು ತಾಯೀ, ಅತ್ತೆಯ ಮುಂದೆ ಗಂಟಲು ಬಿಚ್ಚಲು ನಿನಗೆ ಇವತ್ತೊಂದೇ ದಿನ ಸಿಗೋದು ಎಂದು ಧೈರ್ಯ ಹೇಳುವಳು. ಹೆಂಗಸರು ಅವಳಿಗೆ ಹೆದರುತ್ತಿದ್ದರು, ಹೆದರಿಕೆಗಿಂತ ಹೆಚ್ಚಾಗಿ ನಂಬುತ್ತಿದ್ದರು. ಕೇಂದ್ರದಲ್ಲಿ ಪ್ರತಿ ಬಸುರಿಗೂ ಒಂದು ಹಸಿರು ಕಾರ್ಡು ಕೊಡುತ್ತಿದ್ದರು. ಅದರಲ್ಲಿ ತೂಕಕ್ಕೊಂದು ಚೌಕದ ಮನೆ, ರಕ್ತದೊತ್ತಡಕ್ಕೊಂದು ಮನೆ, ಮೂತ್ರದಲ್ಲಿ ಸಕ್ಕರೆ ಇದೆಯೋ ಇಲ್ಲವೋ ಎಂದು ಬರೆಯಲು ಇನ್ನೊಂದು ಮನೆ. ಅಕ್ಷರ ಬಾರದ ಅತ್ತೆಯಂದಿರು ಕೂಡ ಅದನ್ನು ಮಡಿಸಿ, ಕುರಾನ್ ಇಡುವ ಗೂಡಿನಲ್ಲಿ ಜೋಪಾನ ಮಾಡುತ್ತಿದ್ದರು. ರಸ್ಮಿಯ್ಯಾ ಬರೆದಳೆಂದ ಮೇಲೆ ಮುಗಿಯಿತು, ಇನ್ನೊಬ್ಬರನ್ನು ಕೇಳುವ ಮಾತೇ ಇಲ್ಲ.

ಆದರೆ ಕಾರ್ಡಿಗಿಂತ ಹೆಚ್ಚಾಗಿ ಊರು ನಂಬಿದ್ದು ಬಯಕೆಯನ್ನು. ಬಸುರಿಯ ಬಯಕೆ ತೀರದಿದ್ದರೆ ಅದರ ಕೇಡು ಮಗುವಿಗೆ ತಗಲುತ್ತದೆ ಎನ್ನುವುದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ಬೀದಿಯಲ್ಲಿ ಮಾಂಸ ಸುಡುವವನು ಕೂಡ ಬಸುರಿ ಹಾದುಹೋದರೆ ಕರೆದು ಒಂದು ತುಂಡು ರೊಟ್ಟಿಯಲ್ಲಿಟ್ಟು ಕೊಡುತ್ತಿದ್ದ. ಬೇಕೇ ಎಂದು ಕೇಳುವುದು ಸಹ ತಪ್ಪು, ನಾಚಿಕೆಗೆ ಬೇಡ ಎಂದುಬಿಟ್ಟರೆ? ಅವಳ ಕಣ್ಣು ಎಲ್ಲಿ ನಿಂತಿತೋ ಅಲ್ಲಿಂದ ಎತ್ತಿ ಅವಳ ಕೈಗಿಡಬೇಕು. ರಸ್ಮಿಯ್ಯಾ ಇದನ್ನು ಕೇಂದ್ರದಲ್ಲಿ ಕೂತು ಲೇವಡಿ ಮಾಡುತ್ತಿದ್ದಳು, ಹೊರಗೆ ಬಂದರೆ ತಾನೂ ಪಾಲಿಸುತ್ತಿದ್ದಳು.

ದೊಡ್ಡ ಹಿಮ ಬಿದ್ದ ವರ್ಷ ಅರೀಜ್ ಎಂಬ ಹುಡುಗಿಗೆ ಮೊದಲ ಬಸುರು, ಏಳು ತಿಂಗಳು. ಗಂಡ ಘಾಲಿಬ್ ಶಾಲೆಯ ಮೇಷ್ಟ್ರು. ಮನೆಯಲ್ಲಿ ಅತ್ತೆ, ಅಂದರೆ ಘಾಲಿಬನ ತಾಯಿ, ಊರಿನ ಬಾಯಲ್ಲಿ ಉಮ್ಮ್ ಘಾಲಿಬ್. ನಾಲ್ಕು ದಿನ ರಸ್ತೆ ಮುಚ್ಚಿತು, ಅಂಗಡಿ ತೆರೆಯಲಿಲ್ಲ. ಆ ನಾಲ್ಕು ದಿನವೂ ಅರೀಜಳಿಗೆ ಚಾಕೊಲೇಟಿನದೇ ಬಯಕೆ. ಮನೆಯಲ್ಲಿ ಚಾಕೊಲೇಟು ಇಲ್ಲದೇ ಇರಲಿಲ್ಲ. ನೆಂಟರ ಕೋಣೆಯ ಗಾಜಿನ ಬೀರುವಿನಲ್ಲಿ ಒಂದು ದೊಡ್ಡ ತಗಡಿನ ಡಬ್ಬ ಇತ್ತು, ಈದ್ ಹಬ್ಬಕ್ಕೆ ಬರುವವರಿಗೆಂದು ಮುಂಚಿತವಾಗಿ ತಂದಿಟ್ಟದ್ದು. ಬೀರುವಿನ ಕೀಲಿ ಉಮ್ಮ್ ಘಾಲಿಬಳ ಕೊರಳಲ್ಲಿ. ನೆಂಟರಿಗೆಂದು ಇಟ್ಟದ್ದನ್ನು ಮನೆಯವರು ಮುಟ್ಟುವ ಪದ್ಧತಿ ಆ ಊರಿನ ಯಾವ ಮನೆಯಲ್ಲೂ ಇರಲಿಲ್ಲ. ಹಬ್ಬ ಬರಲಿ, ಮೊದಲನೆಯದು ನಿನಗೇ ಕೊಡುತ್ತೇನೆ ಎಂದು ಅವಳು ಸೊಸೆಯನ್ನು ಸಮಾಧಾನ ಮಾಡಿದಳು.

ಒಂಬತ್ತು ತಿಂಗಳು ತುಂಬುತ್ತಿತ್ತು, ಹಬ್ಬಕ್ಕೆ ಎರಡು ದಿನ ಇರುವಾಗ ಮಗು ಹೊಟ್ಟೆಯಲ್ಲೇ ತೀರಿಕೊಂಡಿತು. ಗಂಡು. ಐದು ಕಿಲೋ ಹತ್ತಿರ ತೂಗಿತು. ನೋಡಿದವರೆಲ್ಲ ಎಂಥ ಮಗು, ಎಂಥ ಮಗು ಎಂದು ಅತ್ತರು. ಮಣ್ಣು ಮಾಡುವ ಮೊದಲೇ ಬೀದಿಯ ತೀರ್ಪು ಸಿದ್ಧವಾಗಿತ್ತು: ಬಯಕೆ ತೀರಲಿಲ್ಲ, ಅತ್ತೆ ಬೀಗ ತೆಗೆಯಲಿಲ್ಲ, ಮಗು ಹೋಯಿತು. ಘಾಲಿಬ್ ಆ ಡಬ್ಬವನ್ನು ಎತ್ತಿಕೊಂಡು ಹೋಗಿ ಕೆಳಗಿನ ಕಣಿವೆಗೆ ಎಸೆದ. ಅಂದಿನಿಂದ ಅವನು ತಾಯಿಯ ಕೈಯಡುಗೆ ಉಣ್ಣಲಿಲ್ಲ. ಜಗಳವಾಡಲಿಲ್ಲ, ಮನೆ ಬಿಡಲಿಲ್ಲ, ಬೆಳಗ್ಗೆ ಸಲಾಮು ಹೇಳುವುದನ್ನೂ ತಪ್ಪಿಸಲಿಲ್ಲ. ತಾಯಿ ತಟ್ಟೆ ಇಟ್ಟರೆ ಹಸಿವಿಲ್ಲ ಎಂದು ಎದ್ದು ಹೋಗುವನು, ಹೆಂಡತಿ ಬೇಯಿಸಿದ್ದನ್ನು ಆಮೇಲೆ ಅಡುಗೆಮನೆಯಲ್ಲಿ ನಿಂತೇ ಉಣ್ಣುವನು. ಹೀಗೆ ನಾಲ್ಕು ವರ್ಷ.

ಆ ಮಗು ಯಾಕೆ ಹೋಯಿತೆಂದು ಊರಿನಲ್ಲಿ ಒಬ್ಬಳಿಗೆ ಮಾತ್ರ ಗೊತ್ತಿತ್ತು. ಹಿಮದ ಆ ತಿಂಗಳು ಕೇಂದ್ರದಲ್ಲಿ ಮೂತ್ರ ಪರೀಕ್ಷೆಯ ಕಾಗದದ ಪಟ್ಟಿಗಳು ಮುಗಿದಿದ್ದವು. ಹೊಸದು ಬರುವವರೆಗೆ ಕಾರ್ಡಿನ ಆ ಮನೆಯನ್ನು ಖಾಲಿ ಬಿಡಬೇಕಿತ್ತು. ಬಾಗಿಲಲ್ಲಿ ಹದಿನೈದು ಹೆಂಗಸರು ಚಳಿಗೆ ನಡುಗುತ್ತಾ ನಿಂತಿದ್ದರು, ಖಾಲಿ ಯಾಕೆಂದು ಪ್ರತಿಯೊಬ್ಬಳಿಗೂ ವಿವರಿಸುವ ತಾಳ್ಮೆ ರಸ್ಮಿಯ್ಯಾಳಿಗೆ ಇರಲಿಲ್ಲ. ಹಿಂದಿನ ತಿಂಗಳು ಏನು ಬರೆದಿತ್ತೋ ಅದನ್ನೇ ಬರೆದಳು. ಅರೀಜಳ ಕಾರ್ಡಿನಲ್ಲಿ "ಸಕ್ಕರೆ ಇಲ್ಲ" ಎಂದು ಬರೆದು, ಅವಳ ಹೊಟ್ಟೆ ಅಳೆದು, ತಿಂಗಳಿಗೆ ಮೀರಿ ಬೆಳೆದದ್ದನ್ನು ಕಂಡು, ಮಾಶಾಅಲ್ಲಾ, ಒಳಗಿರೋದು ಸಿಂಹ ಎಂದು ನಕ್ಕಳು. ಮುಂದಿನ ತಿಂಗಳೂ ಪಟ್ಟಿ ಬರಲಿಲ್ಲ, ಮುಂದಿನ ತಿಂಗಳೂ ಅದನ್ನೇ ಬರೆದಳು. ತಾಯಿಗೆ ಬಸುರಿನಲ್ಲಿ ಸಕ್ಕರೆ ಏರಿದರೆ ಮಗು ಅಳತೆ ಮೀರಿ ಊದುತ್ತದೆ, ಕೊನೆಯಲ್ಲಿ ಹೀಗೆ ಇದ್ದಕ್ಕಿದ್ದಂತೆ ಹೋಗಿಬಿಡಬಹುದು ಎನ್ನುವುದನ್ನು ಅವಳು ಪರೀಕ್ಷೆಗೆ ಓದಿ ಪಾಸಾದವಳು. ಸತ್ತ ಮಗುವನ್ನು ತೂಗಿದ ಕ್ಷಣವೇ ಅವಳಿಗೆ ಅರ್ಥವಾಯಿತು. ಆಮೇಲೆ ಬೀದಿ ತನ್ನ ತೀರ್ಪು ಕೊಟ್ಟಿತು, ರಸ್ಮಿಯ್ಯಾ ಅದನ್ನು ತಿದ್ದಲಿಲ್ಲ. ಅವಳ ಪರವಾಗಿ ಹೇಳಲು ನನಗೆ ಹೆಚ್ಚೇನೂ ಇಲ್ಲ. ಆ ಪಟ್ಟಿಗಳಿಲ್ಲದೆ ಮುಂದೆಂದೂ ಅವಳು ಕಾರ್ಡಿನ ಆ ಮನೆಯಲ್ಲಿ ಏನೂ ಬರೆಯಲಿಲ್ಲ ಎನ್ನುವುದು ನಿಜ, ಅದರಿಂದ ಉಮ್ಮ್ ಘಾಲಿಬಳಿಗೆ ಆದ ಉಪಕಾರವೇನೂ ಇಲ್ಲ ಎನ್ನುವುದೂ ಅಷ್ಟೇ ನಿಜ.

ನಾಲ್ಕು ವರ್ಷದ ಮೇಲೆ ಅರೀಜ್ ಮತ್ತೆ ಬಸುರಿಯಾದಳು. ಈ ಸಲ ರಸ್ಮಿಯ್ಯಾ ತಾನಾಗಿ ಮೆಟ್ಟಿಲು ಹತ್ತಿ ಹೋಗಿ ಅವಳನ್ನು ಕರೆತಂದಳು. ರಕ್ತ ಪರೀಕ್ಷೆ ಮಾಡಿಸಿದಳು, ಸಕ್ಕರೆ ಇತ್ತು. ವಾರಕ್ಕೊಮ್ಮೆ ಬರುವ ಡಾಕ್ಟರು ಊಟದ ಪಟ್ಟಿ ಬರೆದುಕೊಟ್ಟರು. ಅನ್ನ, ರೊಟ್ಟಿ ಅಳತೆಯಲ್ಲಿ, ಸಿಹಿ ಕಡಿಮೆ, ರಂಜಾನಿನ ಉಪವಾಸ ಬೇಡ. ರಸ್ಮಿಯ್ಯಾ ಆ ಪಟ್ಟಿಗೆ ತನ್ನ ಹೆದರಿಕೆಯನ್ನೂ ಸೇರಿಸಿದಳು. ಚಾಕೊಲೇಟು ಒಂದು ಚೂರೂ ಕೂಡದು, ವಾಸನೆ ಕೂಡ ನೋಡಕೂಡದು ಎಂದಳು. ಅರೀಜ್ ತಲೆಯಾಡಿಸಿದಳು. ಅವಳ ಬಯಕೆ ಈ ಸಲವೂ ಅದೇ ಎಂದು ಅವಳು ಹೇಳಲಿಲ್ಲ, ಇವಳು ಕೇಳಲಿಲ್ಲ.

ರಂಜಾನು ಮುಗಿಯುವವರೆಗೆ ಎಲ್ಲ ಸರಿಯಾಗಿತ್ತು. ವಾರಕ್ಕೆ ಎರಡು ಬೆಳಗ್ಗೆ ಅರೀಜ್ ಬರೀ ಹೊಟ್ಟೆಯಲ್ಲಿ ಬಂದು ಬೆರಳು ಚುಚ್ಚಿಸಿಕೊಳ್ಳುವಳು, ಸಕ್ಕರೆ ತೊಂಬತ್ತರ ಆಚೀಚೆ ಬರುತ್ತಿತ್ತು. ಹಬ್ಬವಾದ ನಾಲ್ಕನೇ ದಿನ ನೂರ ಮೂವತ್ತೆಂಟು ಬಂತು. ಮುಂದಿನ ವಾರವೂ ಇಳಿಯಲಿಲ್ಲ. ಹೊಟ್ಟೆಯ ಅಳತೆ ತಿಂಗಳನ್ನು ದಾಟಿತ್ತು. ಇನ್ನೊಂದು ವಾರ ನೋಡಿ, ಇಳಿಯದಿದ್ದರೆ ಆಸ್ಪತ್ರೆಗೆ ಸೇರಿಸಿ ಇನ್ಸುಲಿನ್ ಶುರುಮಾಡೋಣ, ಹಿಂದಿನದು ನೆನಪಿದೆಯಲ್ಲ ಎಂದರು ಡಾಕ್ಟರು. ರಸ್ಮಿಯ್ಯಾಳಿಗೆ ನೆನಪಿತ್ತು.

ಡಾಕ್ಟರು ಹೋದ ಮೇಲೆ ಅವಳು ಬಾಗಿಲು ಮುಚ್ಚಿ ಅರೀಜಳ ಎದುರು ಸ್ಟೂಲು ಎಳೆದುಕೊಂಡು ಕೂತಳು.

"ಎಷ್ಟು ತಿಂದೆ?"

"ಖಾಲ್ತೀ, ಹಬ್ಬದಲ್ಲಿ ಹೇಗೆ ಬೇಡ ಅನ್ನಲಿ?" ತಾಯಿಯ ವಾರಿಗೆಯವರನ್ನೆಲ್ಲ ಹುಡುಗಿಯರು ಖಾಲ್ತೀ ಎಂದೇ ಕರೆಯುವುದು. "ಹದಿನಾಲ್ಕು ಮನೆಗೆ ಹೋದ್ವಿ. ಎಲ್ಲಾರಿಗೂ ಗೊತ್ತು ನನ್ನ ಬಯಕೆ ಏನು ಅಂತ. ತಟ್ಟೆ ಹಿಡಿದು ನಿಂತ್ಕೋತಾರೆ. ಒಂದೇ ಒಂದು, ಒಂದರಿಂದ ಏನಾಗತ್ತೆ ಅಂತಾರೆ."

"ಹದಿನಾಲ್ಕು ಮನೆ, ಹದಿನಾಲ್ಕು ಒಂದೇ ಒಂದು. ಜೊತೆಗೆ ಹದಿನಾಲ್ಕು ಕಾಫಿ. ಆದ್ರೆ ಹಬ್ಬ ಮುಗಿದು ಎರಡು ವಾರ ಆಯ್ತು, ತಾಯೀ. ಇದು ಹಬ್ಬದ್ದಲ್ಲ."

ಅರೀಜ್ ಬೆರಳಿನ ಹತ್ತಿಯನ್ನು ಒತ್ತಿಕೊಂಡಳು. ಆಮೇಲೆ ಮೆಲ್ಲಗೆ ಹೇಳತೊಡಗಿದಳು. ಅತ್ತೆ ದಿನಾ ಮಧ್ಯಾಹ್ನ, ಘಾಲಿಬ್ ಶಾಲೆಯಿಂದ ಬರುವ ಮುಂಚೆ, ತಾವು ಹೋಗಿ ತಂದ ಚಾಕೊಲೇಟನ್ನು ಮಡಿಲಲ್ಲಿ ಮುಚ್ಚಿಕೊಂಡು ಬರುತ್ತಾರೆ. ಪಕ್ಕದಲ್ಲಿ ಕೂರುತ್ತಾರೆ. ಕಾಗದ ಬಿಡಿಸಿ ಬಾಯಿಗೇ ಇಡುತ್ತಾರೆ. ಐದು ತುಂಡು, ಆರು ತುಂಡು. ಸೂಲಗಿತ್ತಿಗೆ ಹೇಳಬೇಡ, ಅವಳಿಗೆ ಪುಸ್ತಕ ಗೊತ್ತು, ಬಯಕೆ ಗೊತ್ತಿಲ್ಲ ಅನ್ನುತ್ತಾರೆ.

"ನೀನು ಬೇಡ ಅಂದ್ರೆ ಕೈಕಾಲು ಕಟ್ಟಿ ತಿನ್ನಿಸ್ತಾಳಾ?"

"ಇಲ್ಲ ಖಾಲ್ತೀ. ಒಂದು ಸಲ ಬೇಡ ಅಂದೆ. ಆವತ್ತು ಅವರು ಎದ್ದು ಹೋಗಿ ಪ್ರಾರ್ಥನೆ ಚಾಪೆ ಮೇಲೆ ಕೂತವರು ಸಂಜೆವರೆಗೂ ಏಳ್ಲಿಲ್ಲ. ನಾನು ಇನ್ನೂ ಕ್ಷಮಿಸಿಲ್ಲ ಅಂದ್ಕೊಂಡ್ರು. ನಾನು ತಿಂದ್ರೆ ಅವರ ಮುಖ ನೋಡ್ಬೇಕು ನೀವು. ನಾಲ್ಕು ವರ್ಷದಿಂದ ಹೆತ್ತ ಮಗನೇ ಅವರ ಕೈಯಿಂದ ಏನೂ ತಿಂದಿಲ್ಲ." ಅವಳ ಕಣ್ಣು ತುಂಬಿತು. "ನನಗೂ ಹೆದರಿಕೆ ಆಗತ್ತೆ. ತಿನ್ನುವಾಗ ಒಂದು ಹೆದರಿಕೆ, ತಿನ್ನದೇ ಇದ್ರೆ ಇನ್ನೊಂದು."

ರಸ್ಮಿಯ್ಯಾ ಅವಳನ್ನು ಬೈಯಲಿಲ್ಲ. ನಾನಿದನ್ನು ನೋಡಿಕೊಳ್ಳುತ್ತೇನೆ ಎಂದಷ್ಟೇ ಹೇಳಿ ಕಳಿಸಿದಳು.

ಮರುದಿನ ಹತ್ತು ಗಂಟೆಗೆ ಕೇಂದ್ರವನ್ನು ಕಿರಿಯ ನರ್ಸಿಗೆ ಒಪ್ಪಿಸಿ ಉಮ್ಮ್ ಘಾಲಿಬಳ ಮನೆಗೆ ಹೊರಟಳು. ಅರ್ಧ ಮೆಟ್ಟಿಲು ಹತ್ತಿ ಕೂತಳು. ಮೊಣಕಾಲು ನೋಯುತ್ತಿತ್ತು, ಆದರೆ ಕೂತದ್ದು ಅದಕ್ಕಲ್ಲ. ನಿಜ ಹೇಳದೆಯೇ ಕೆಲಸ ಸಾಧಿಸುವ ದಾರಿಗಳು ಅವಳಿಗೆ ಹತ್ತಾರು ಹೊಳೆದವು. ಡಾಕ್ಟರು ಬೈದರು ಎನ್ನಬಹುದು. ಪೊಲೀಸರಿಗೆ ಹೇಳುತ್ತೇನೆ ಎಂದು ಹೆದರಿಸಬಹುದು. ಅರೀಜಳನ್ನು ತವರಿಗೆ ಕಳಿಸಿಬಿಡಬಹುದು. ಯಾವುದೂ ನಿಲ್ಲುವಂಥದ್ದಲ್ಲ. ಬಯಕೆ ತೀರಿಸದೆ ಒಂದು ಮಗುವನ್ನು ಕೊಂದೆ ಎಂದು ನಂಬಿದ ಮುದುಕಿ ಬೆಟ್ಟ ದಾಟಿಯಾದರೂ ಹೋಗಿ ಇನ್ನೊಂದು ಮಗುವಿನ ಬಯಕೆ ತೀರಿಸಿಯಾಳು. ಆ ನಂಬಿಕೆ ಮುರಿಯಬೇಕು, ಮುರಿಯುವ ಮಾತು ಇರುವುದು ತನ್ನ ಬಾಯಲ್ಲಿ ಮಾತ್ರ. ಅದನ್ನು ಹೇಳಿದರೆ ಕೆಲಸ ಹೋಗಬಹುದು. ಕೆಲಸ ಹೋದರೂ ಬದುಕಬಹುದು. ಈ ಮೆಟ್ಟಿಲುಗಳಲ್ಲಿ ಯಾರೂ ತನ್ನನ್ನು ಕರೆದು ಮಾತಾಡಿಸದಿದ್ದರೆ ಹೇಗೆ ಬದುಕುವುದೋ ಅವಳಿಗೆ ತಿಳಿಯಲಿಲ್ಲ. ಎದ್ದು ಉಳಿದರ್ಧ ಹತ್ತಿದಳು.

ಉಮ್ಮ್ ಘಾಲಿಬ್ ಅಡುಗೆಮನೆಯ ಚಾಪೆಯ ಮೇಲೆ ಕೂತು, ಅಕ್ಕಿ ತುಂಬಿ ಬೇಯಿಸಲು ಎಳೆ ಕುಂಬಳದ ತಿರುಳು ಕೊರೆಯುತ್ತಿದ್ದಳು. ಮಗ ಉಣ್ಣುವುದಿಲ್ಲ ಎಂದು ಗೊತ್ತಿದ್ದೂ ದಿನಾ ಮೂವರಿಗೆ ಆಗುವಷ್ಟು ಕೊರೆಯುತ್ತಿದ್ದಳು. ಬಾ ತಂಗೀ, ಕೂತ್ಕೋ ಎಂದು ಕಾಫಿಗೆ ನೀರಿಡಲು ಎದ್ದಳು. ರಸ್ಮಿಯ್ಯಾ ಅವಳ ಕೈ ಹಿಡಿದು ಕೂರಿಸಿದಳು.

"ಕಾಫಿ ಬೇಡ. ನಾನು ಹೇಳೋದನ್ನ ಪೂರ್ತಿ ಕೇಳು. ಆಮೇಲೆ ಬೇಕಾದ್ರೆ ಚಪ್ಪಲೀಲಿ ಹೊಡಿ."

"ಚಾಕೊಲೇಟಿನ ಮಾತಾ? ಕೊಡ್ತೀನಿ. ಮುಂದೂ ಕೊಡ್ತೀನಿ. ಒಂದು ಸಲ ಬೀಗ ಹಾಕಿ ನೋಡಿದ್ದೀನಿ ನಾನು."

"ಆ ಮಗು ನಿನ್ನ ಬೀಗದಿಂದ ಸಾಯಲಿಲ್ಲ."

ಉಮ್ಮ್ ಘಾಲಿಬ್ ಚಾಕು ಕೆಳಗಿಟ್ಟಳು. ರಸ್ಮಿಯ್ಯಾ ಒಂದೇ ಉಸಿರಿಗೆ ಎಲ್ಲ ಹೇಳಿದಳು. ಪಟ್ಟಿಗಳು ಮುಗಿದದ್ದು, ಪರೀಕ್ಷೆ ಮಾಡದೆ ಬರೆದದ್ದು, ಎರಡನೇ ಸಲವೂ ಬರೆದದ್ದು, ಹೊಟ್ಟೆ ನೋಡಿ ಸಿಂಹ ಎಂದು ನಕ್ಕದ್ದು. ಅರೀಜಳ ರಕ್ತದಲ್ಲಿ ಆಗಲೂ ಸಕ್ಕರೆ ಇತ್ತು, ಅದರಿಂದಲೇ ಮಗು ಅಷ್ಟು ದೊಡ್ಡದಾಯಿತು, ಅದರಿಂದಲೇ ಹೋಯಿತು. ಅಂದು ಡಬ್ಬ ತೆರೆದು ಕೊಟ್ಟಿದ್ದರೂ ಮಗು ಉಳಿಯುತ್ತಿರಲಿಲ್ಲ. "ಇವತ್ತು ನೀನು ಕೊಡ್ತಾ ಇರೋದು ಇದನ್ನೂ ಅದೇ ದಾರಿಗೆ ತಗೊಂಡು ಹೋಗ್ತಾ ಇದೆ. ಡಾಕ್ಟರು ಕೊಟ್ಟಿರೋದು ಒಂದು ವಾರ."

ಒಲೆಯ ಮೇಲೆ ಅಕ್ಕಿಯ ನೀರು ಉಕ್ಕಿತು, ಇಬ್ಬರೂ ಎದ್ದು ಇಳಿಸಲಿಲ್ಲ. ಉಮ್ಮ್ ಘಾಲಿಬ್ ಕೇಳಿದ್ದು ಒಂದೇ ಮಾತು.

"ನಿನಗೆ ಯಾವಾಗಿಂದ ಗೊತ್ತು?"

"ಮಗುನ ತೂಗಿದಾಗಿಂದ."

ಮುದುಕಿ ಅಳಲಿಲ್ಲ, ಚಪ್ಪಲಿಯನ್ನೂ ಎತ್ತಲಿಲ್ಲ. "ನಾಲ್ಕು ವರ್ಷ ನನ್ನ ಮಗ ನನ್ನ ಕೈಯಿಂದ ಒಂದು ರೊಟ್ಟಿ ತುಂಡು ಮುರಿದಿಲ್ಲ," ಎಂದಳು. "ನೀನು ದಿನಾ ಈ ಬಾಗಿಲ ಮುಂದೆ ಹಾದುಹೋಗ್ತಿದ್ದೆ. ಸಲಾಮು ಹೇಳ್ತಿದ್ದೆ. ನಾನು ನಿನಗೆ ಆಲಿವ್ ಕಾಯಿ ಕಟ್ಟಿ ಕಳಿಸ್ತಿದ್ದೆ." ಆಮೇಲೆ ಚಾಕು ಎತ್ತಿಕೊಂಡು ಮತ್ತೆ ಕೊರೆಯತೊಡಗಿದಳು. "ನನ್ನ ಹತ್ರ ಹೇಳಿದ್ದು ಸಾಲದು. ಅವನು ಎರಡು ಗಂಟೆಗೆ ಬರ್ತಾನೆ. ಅಲ್ಲೀವರೆಗೂ ಕೂತಿರು."

ರಸ್ಮಿಯ್ಯಾ ಮೂರು ಗಂಟೆ ಹೊತ್ತು ಆ ಅಡುಗೆಮನೆಯಲ್ಲಿ ಕೂತಳು. ತನ್ನ ಆಯುಷ್ಯದಲ್ಲಿ ಎಷ್ಟೋ ಉದ್ದದ ಹೆರಿಗೆಗಳನ್ನು ಕಾದವಳು, ಅದರಷ್ಟು ಉದ್ದದ್ದು ಯಾವುದೂ ಇರಲಿಲ್ಲ ಎಂದು ಆಮೇಲೆ ಹೇಳುತ್ತಿದ್ದಳು. ನಡುವೆ ಉಮ್ಮ್ ಘಾಲಿಬ್ ಒಮ್ಮೆ ಕೇಳಿದಳು, ಮುಖ ಎತ್ತದೆ: ಹಾಗಾದರೆ ಅವಳಿಗೆ ಏನೂ ಕೊಡಲೇಬಾರದೋ, ಆಸೆಯಿಂದ ನೋಡುತ್ತಾಳಲ್ಲ. ರಸ್ಮಿಯ್ಯಾ ಯೋಚಿಸಿದಳು. ಒಂದು ಚೂರೂ ಕೂಡದು ಎಂಬ ತನ್ನ ಕಟ್ಟಪ್ಪಣೆಯೇ ಇದನ್ನೆಲ್ಲ ಕಳ್ಳದಾರಿಗೆ ತಳ್ಳಿತ್ತು. ಮೊದಲು ಸಕ್ಕರೆ ಇಳಿಯಲಿ, ಈ ವಾರ ಬೇಡ ಎಂದಳು. ಇಳಿದ ಮೇಲೆ ಸಣ್ಣದೊಂದು ತುಂಡು, ಕಹಿ ಹೆಚ್ಚು ಸಿಹಿ ಕಡಿಮೆ ಇರುವಂಥದ್ದು, ಊಟವಾದ ಮೇಲೆ ಮಾತ್ರ, ಬರೀ ಹೊಟ್ಟೆಗಲ್ಲ. ಎರಡು ಗಂಟೆ ಬಿಟ್ಟು ಬೆರಳು ಚುಚ್ಚಿ ನೋಡೋಣ. ಏರಿದರೆ ನಿಲ್ಲಿಸೋಣ. ಚಾಕೊಲೇಟಿನಲ್ಲಿ ಕಾಫಿಯ ಗುಣವೂ ಇದೆ, ಅವಳ ಕಾಫಿಯನ್ನು ದಿನಕ್ಕೆ ಒಂದಕ್ಕೆ ಇಳಿಸು. ಎಲ್ಲರ ಎದುರಿಗೆ ಕೊಡು, ಮಡಿಲಲ್ಲಿ ಮುಚ್ಚಿಕೊಂಡಲ್ಲ.

ಘಾಲಿಬ್ ಬಂದ. ರಸ್ಮಿಯ್ಯಾ ಹೇಳಿದ್ದನ್ನೆಲ್ಲ ಅವನು ಬಾಗಿಲಲ್ಲಿ ನಿಂತೇ ಕೇಳಿಸಿಕೊಂಡ. ಆಗಿನ ಕಾರ್ಡು ಇನ್ನೂ ಇದೆಯೇ ಎಂದು, ಒಳಕೋಣೆಯ ಬಾಗಿಲಿಗೆ ಬಂದು ನಿಂತಿದ್ದ ಅರೀಜಳನ್ನು ಕೇಳಿದ. ಅವಳು ಒಳಗಿನಿಂದ ತಂದುಕೊಟ್ಟಳು, ನಾಲ್ಕು ವರ್ಷ ಅವಳು ಅದನ್ನು ಎಸೆದಿರಲಿಲ್ಲ. ಅವನು ರಸ್ಮಿಯ್ಯಾಳ ಕೈಬರಹದ ಆ ಎರಡು ಸಾಲನ್ನು ನೋಡಿದ. ಮೇಷ್ಟ್ರಾದ್ದರಿಂದಲೋ ಏನೋ, ತಪ್ಪು ಬರೆದವರನ್ನು ಬೈಯುವ ಬಗೆ ಅವನಿಗೆ ಚೆನ್ನಾಗಿ ಗೊತ್ತಿತ್ತು, ಆದರೂ ಬೈಯಲಿಲ್ಲ. ನೀವು ಹೋಗಿ ಎಂದ. ಅವಳು ಚಪ್ಪಲಿ ಮೆಟ್ಟುವಾಗ ಹಿಂದೆ ಒಳಗೆ ತಟ್ಟೆಯ ಸದ್ದು ಕೇಳಿತು. ತಿರುಗಿ ನೋಡುವ ಧೈರ್ಯವಾಗಲಿಲ್ಲ. ಅಂದು ಅವನು ತಾಯಿಯ ಎದುರು ಚಾಪೆಯ ಮೇಲೆ ಕೂತು ಉಂಡನೆಂದು, ಉಣ್ಣುತ್ತಾ ಉಣ್ಣುತ್ತಾ ಬಿಕ್ಕಿದನೆಂದು ಅರೀಜ್ ಆಮೇಲೆ ತಿಳಿಸಿದಳು.

ಮರುದಿನದಿಂದ ಉಮ್ಮ್ ಘಾಲಿಬ್ ಹದಿನಾಲ್ಕು ಮನೆಗಳಿಗೂ ಹೋದಳು. ನನ್ನ ಸೊಸೆಗೆ ಒಂದೇ ಒಂದು ಎಂದು ತಟ್ಟೆ ಹಿಡಿದವರ ಮನೆಯ ಕಾಫಿ ನಾನು ಕುಡಿಯುವುದಿಲ್ಲ ಎಂದಳು. ಯಾಕೆಂದು ಕೇಳಿದವರಿಗೆ ಕಾರಣವನ್ನೂ ಹೇಳಿದಳು, ರಸ್ಮಿಯ್ಯಾಳ ಹೆಸರನ್ನು ಮುಚ್ಚಿಡಲಿಲ್ಲ. ಕೆಲವು ಹೆಂಗಸರು ಕೇಂದ್ರಕ್ಕೆ ಬರುವುದನ್ನು ಬಿಟ್ಟರು. ಉಳಿದವರು ಬಂದು ತಮ್ಮ ಹಳೆಯ ಕಾರ್ಡುಗಳನ್ನು ಮೇಜಿನ ಮೇಲಿಟ್ಟು, ಇದು ನಿಜವೋ, ಇದು ನಿಜವೋ ಎಂದು ಒಂದೊಂದೇ ಸಾಲು ತೋರಿಸಿ ಕೇಳಿದರು. ರಸ್ಮಿಯ್ಯಾ ನೆನಪಿದ್ದಷ್ಟಕ್ಕೆ ಉತ್ತರ ಕೊಟ್ಟಳು. ಮೇಲಿನ ಅಧಿಕಾರಿಗೆ ತಾನೇ ಪತ್ರ ಬರೆದಳು. ಒಂದು ವರ್ಷದ ಬಡ್ತಿ ನಿಲ್ಲಿಸಿದರು, ಅಷ್ಟಕ್ಕೇ ಬಿಟ್ಟರು. ಅಷ್ಟಕ್ಕೇ ಬಿಟ್ಟದ್ದು ಅವಳಿಗೆ ಒಂದು ಬಗೆಯ ಶಿಕ್ಷೆಯಾಗಿಯೇ ಉಳಿಯಿತು.

ಅರೀಜಳ ಸಕ್ಕರೆ ವಾರದೊಳಗೆ ನೂರರ ಕೆಳಗೆ ಇಳಿಯಿತು. ಮೂರನೇ ವಾರದಿಂದ ಮಧ್ಯಾಹ್ನದ ಊಟವಾದ ಮೇಲೆ ಉಮ್ಮ್ ಘಾಲಿಬ್ ಬೆರಳುಗುರಿನಷ್ಟು ಚಾಕೊಲೇಟನ್ನು ತಟ್ಟೆಯಲ್ಲಿಟ್ಟು ಮಗನ ಎದುರಿಗೇ ಕೊಡುತ್ತಿದ್ದಳು. ದಿನ ತುಂಬುವುದಕ್ಕೆ ಹತ್ತು ದಿನ ಮುಂಚೆ ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸಿದರು. ಹೆಣ್ಣು ಮಗು. ಹುಟ್ಟಿದೊಡನೆ ಹಿಮ್ಮಡಿ ಚುಚ್ಚಿ ಅದರ ರಕ್ತವನ್ನೂ ನೋಡಿದರು, ಚೆನ್ನಾಗಿತ್ತು. ರಸ್ಮಿಯ್ಯಾಳನ್ನು ಯಾರೂ ಕರೆಯಲಿಲ್ಲ.

ಏಳನೇ ದಿನ ಕೇಂದ್ರದ ಕೆಲಸವೆಂದು ಅವಳು ಹೋಗಲೇಬೇಕಾಯಿತು. ಹುಟ್ಟಿದ ಮಗುವನ್ನು ಮನೆಗೆ ಹೋಗಿ ತೂಗಿ ಬರೆಯುವುದು ನಿಯಮ. ಉಮ್ಮ್ ಘಾಲಿಬ್ ಬಾಗಿಲು ತೆಗೆದಳು, ಬಾ ಎನ್ನಲಿಲ್ಲ, ದಾರಿ ಬಿಟ್ಟು ನಿಂತಳು. ರಸ್ಮಿಯ್ಯಾ ಬಟ್ಟೆಯ ಜೋಳಿಗೆಯಲ್ಲಿ ಮಗುವನ್ನು ಹಾಕಿ ತಕ್ಕಡಿಯ ಕೊಕ್ಕೆಗೆ ಸಿಕ್ಕಿಸಿದಳು. ಮುಳ್ಳು ನಿಲ್ಲುವವರೆಗೆ ಎಂದಿಗಿಂತ ಹೆಚ್ಚು ಹೊತ್ತು ಕಾದಳು.

"ಮೂರು ಕಿಲೋ ಇನ್ನೂರು," ಎಂದಳು. "ಮುಳ್ಳು ನೀನೂ ನೋಡು."

ಉಮ್ಮ್ ಘಾಲಿಬ್ ಬಗ್ಗಿ ನೋಡಿದಳು. ಆಮೇಲೆ ಜೋಳಿಗೆಯಿಂದ ಮಗುವನ್ನು ತೆಗೆದು ಎದೆಗೆ ಒರಗಿಸಿಕೊಂಡಳು.

"ಮೊದಲನೇದನ್ನ ನಾನು ಎತ್ಕೊಳ್ಳೇ ಇಲ್ಲ," ಎಂದಳು. "ಬಟ್ಟೆ ಸುತ್ತಿ ಆಗಿತ್ತು. ಕೊಡು ಅಂತ ಕೈ ಚಾಚಿದೆ. ನಿನ್ನ ಕೈಗೆ ಕೊಡಲ್ಲ ಅಂದ ಘಾಲಿಬ್. ನೀನು ಅಲ್ಲೇ ನಿಂತಿದ್ದೆ."

"ನಿಂತಿದ್ದೆ."

"ಒಂದು ಮಾತು ಆಡ್ಲಿಲ್ಲ."

"ಇಲ್ಲ. ಆಡ್ಲಿಲ್ಲ."

ಉಮ್ಮ್ ಘಾಲಿಬ್ ಮಗುವಿನ ಬೆನ್ನು ಸವರುತ್ತಾ ಕಿಟಕಿಯ ಕಡೆ ತಿರುಗಿದಳು. ಇನ್ನು ಕೈಯಾರೆ ಎತ್ತಿಕೊಳ್ಳಲು ಆಗದ ಆ ಇನ್ನೊಂದು ಮಗುವಿಗಾಗಿ ಅವಳು ಅತ್ತದ್ದು ಆಗಲೇ, ನಾಲ್ಕು ವರ್ಷದಲ್ಲಿ ಮೊದಲ ಸಲ, ತಾನು ಕೊಂದವಳಲ್ಲ ಎಂಬ ಧೈರ್ಯದ ಮೇಲೆ. ರಸ್ಮಿಯ್ಯಾ ತೂಕವನ್ನು ಮಗುವಿನ ಕಾರ್ಡಿನಲ್ಲಿ ಬರೆದು, ತಕ್ಕಡಿ ಮಡಿಸಿ ಚೀಲಕ್ಕೆ ಹಾಕಿಕೊಂಡಳು.

"ಬರ್ಕೊಂಡ್ಯಾ?" ಎಂದಳು ಉಮ್ಮ್ ಘಾಲಿಬ್, ತಿರುಗದೆ.

"ಬರ್ಕೊಂಡೆ."

"ಓದಿ ಹೇಳು."

ರಸ್ಮಿಯ್ಯಾ ಕಾರ್ಡು ತೆಗೆದು, ಬರೆದದ್ದನ್ನು ಮೊದಲ ಸಾಲಿನಿಂದ ಓದತೊಡಗಿದಳು.